ಕಾವೇರಿ ಎಷ್ಟು ಉದ್ದ, ಎಷ್ಟು ಅಗಲ, ಎಲ್ಲೆಲ್ಲಿ ದಾಟಬಹುದು? ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದವರು ಮೊದಲು ಕೇಳುವ ಮಾತು ಒಂದೇ. ‘ಕಾವೇರಿ ನೀರಾ, ಬೋರ್ ನೀರಾ?’ ಅಷ್ಟು ಹತ್ತಿರದ ನದಿ ಇದು. ಆದರೆ ಅದರ ಮೈಕಟ್ಟಿನ ಬಗ್ಗೆ ನಮಗೆ ಗೊತ್ತಿರುವುದು ಕಡಿಮೆ. ಮಕ್ಕಳ ಶಾಲೆಯ ಪ್ರಾಜೆಕ್ಟಿಗೆಂದು ಕೇಳುವ ಅಪ್ಪ ಅಮ್ಮಂದಿರು, ಭಾನುವಾರ ಸಂಗಮಕ್ಕೆ ಹೊರಟ ಹುಡುಗರು, ಮೈಸೂರು ರೈಲಿನಲ್ಲಿ ಪಕ್ಕದಲ್ಲಿ ಕೂತವರು, ಪತ್ರ ಬರೆದವರು, ಎಲ್ಲರ ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇನೆ. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಓದುವ ಮೊದಲು ಒಂದು ವಿನಂತಿ: ನದಿಯ ಯಾವ ಅಂಕಿ ಕಂಡರೂ ‘ಎಲ್ಲಿ ಅಳೆದದ್ದು, ಯಾವಾಗ ಅಳೆದದ್ದು’ ಎಂದು ಕೇಳಿಕೊಳ್ಳಿ. ಕೆಳಗಿನ ಅರ್ಧ ಉತ್ತರಗಳು ಅದರಿಂದಲೇ ಹುಟ್ಟಿವೆ.

## ಮೊದಲ ಲೆಕ್ಕಗಳು

ಕಾವೇರಿ ಒಟ್ಟು ಎಷ್ಟು ಕಿಲೋಮೀಟರ್ ಸಾರ್? ಒಂದೊಂದು ಪುಸ್ತಕದಲ್ಲಿ ಒಂದೊಂದು ಇದೆಯಲ್ಲ?

ಸುಮಾರು 800 ಕಿಲೋಮೀಟರ್. ಕೇಂದ್ರ ಜಲ ಆಯೋಗ ಬಳಸುವ ಅಂಕಿ ಇದೇ. ಪ್ರಾಜೆಕ್ಟಿಗೆ ಧೈರ್ಯವಾಗಿ ಬರೆಯಬಹುದು.

ಬೇರೆ ಬೇರೆ ಅಂಕಿಗಳು ಬರುವುದಕ್ಕೆ ಕಾರಣವಿದೆ. ನದಿ ರಸ್ತೆಯಲ್ಲ, ಅದಕ್ಕೆ ಮೈಲಿಗಲ್ಲು ನೆಟ್ಟಿಲ್ಲ. ದೊಡ್ಡ ನಕ್ಷೆಯಲ್ಲಿ ಅಳೆದರೆ ಸಣ್ಣ ತಿರುವುಗಳೂ ಲೆಕ್ಕಕ್ಕೆ ಬರುತ್ತವೆ, ಉದ್ದ ಜಾಸ್ತಿಯಾಗುತ್ತದೆ. ಸಣ್ಣ ನಕ್ಷೆಯಲ್ಲಿ ಆ ತಿರುವುಗಳು ಕಾಣುವುದಿಲ್ಲ. ಜೊತೆಗೆ, ನದಿ ದ್ವೀಪದ ಸುತ್ತ ಎರಡಾಗಿ ಒಡೆದಾಗ ಯಾವ ಕವಲನ್ನು ಹಿಡಿಯಬೇಕು? ಕೊನೆಯಲ್ಲಿ ಹತ್ತಾರು ಕವಲಾಗಿ ಹರಡಿದಾಗ ಯಾವುದನ್ನು ಮುಖ್ಯ ಎನ್ನಬೇಕು? ಆಯ್ಕೆ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಅದರಲ್ಲಿ ನಮ್ಮದೆಷ್ಟು, ತಮಿಳುನಾಡಿನದೆಷ್ಟು?

ಕರ್ನಾಟಕದೊಳಗೆ 320 ಕಿಲೋಮೀಟರ್, ತಮಿಳುನಾಡಿನೊಳಗೆ 416 ಕಿಲೋಮೀಟರ್. ನಡುವಿನ 64 ಕಿಲೋಮೀಟರ್ ಎರಡೂ ರಾಜ್ಯಗಳ ಗಡಿಯಾಗಿಯೇ ಹರಿಯುತ್ತದೆ. ಆ ಭಾಗದಲ್ಲಿ ಒಂದು ದಡ ನಮ್ಮದು, ಎದುರಿನ ದಡ ಅವರದು.

ಉದ್ದಕ್ಕಿಂತ ಮುಖ್ಯವಾದದ್ದು ಕೊಳ್ಳ. ಮಳೆ ಬಿದ್ದರೆ ಎಷ್ಟು ನೆಲದ ನೀರು ಕಾವೇರಿಗೆ ಸೇರುತ್ತದೆ ಎಂಬ ಲೆಕ್ಕ ಅದು. ಒಟ್ಟು 81,155 ಚದರ ಕಿಲೋಮೀಟರ್. ಕರ್ನಾಟಕದಲ್ಲಿ 34,273, ತಮಿಳುನಾಡಿನಲ್ಲಿ 43,856, ಕೇರಳದಲ್ಲಿ 2,866. ಉಳಿದ 160 ಪುದುಚೇರಿಗೆ ಸೇರಿದ ಕಾರೈಕಾಲಿನದು. ಕಾವೇರಿ ಕೇರಳದೊಳಗೆ ಹರಿಯುವುದೇ ಇಲ್ಲ, ಆದರೂ ವಯನಾಡಿನ ಮಳೆ ಕಬಿನಿಯ ಮೂಲಕ ನಮ್ಮ ತಿರುಮಕೂಡಲಿಗೆ ಬರುತ್ತದೆ. ಅದಕ್ಕೇ ಕೇರಳಕ್ಕೂ ಪಾಲಿದೆ.

ಕೃಷ್ಣಾ, ಗೋದಾವರಿ ಮುಂದೆ ಕಾವೇರಿ ಚಿಕ್ಕದಾ?

ಹೌದು. ಗೋದಾವರಿ 1,465 ಕಿಲೋಮೀಟರ್, ಕೃಷ್ಣಾ ಸುಮಾರು 1,400. ಕೊಳ್ಳದ ಲೆಕ್ಕದಲ್ಲಿ ಅಂತರ ಇನ್ನೂ ದೊಡ್ಡದು: ಕೃಷ್ಣೆಯ ಕೊಳ್ಳ ಕಾವೇರಿಯದರ ಮೂರು ಪಟ್ಟಿಗೂ ಜಾಸ್ತಿ. ಇಷ್ಟು ಪುಟ್ಟ ಕೊಳ್ಳದ ಮೇಲೆ ಇಷ್ಟೊಂದು ಗದ್ದೆ, ಇಷ್ಟೊಂದು ಊರು ನಿಂತಿರುವುದೇ ಜಗಳದ ಬೇರು ಎಂದು ನಾನು ನಂಬಿದ್ದೇನೆ.

ಬೆಂಗಳೂರಲ್ಲಿ ಕಾವೇರಿ ಹರಿಯಲ್ಲ. ಮತ್ತೆ ನಾವು ಕಾವೇರಿ ಕೊಳ್ಳದವರು ಹೇಗಾಗ್ತೀವಿ?

ಊರಿನ ಪಶ್ಚಿಮ ಭಾಗ ಪೂರ್ತಿ ಕಾವೇರಿಗೇ ಸೇರಿದ್ದು. ಬೆಂಗಳೂರು ಒಂದು ದಿಬ್ಬದ ಮೇಲಿದೆ. ಬಸವನಗುಡಿ, ವಿಜಯನಗರ, ಕೆಂಗೇರಿ ಕಡೆ ಬಿದ್ದ ಮಳೆ ವೃಷಭಾವತಿಗೆ ಇಳಿಯುತ್ತದೆ. ಈಗ ಎಲ್ಲರೂ ‘ಕೆಂಗೇರಿ ಮೋರಿ’ ಎಂದು ಮೂಗು ಮುಚ್ಚಿಕೊಳ್ಳುವುದು ಇದನ್ನೇ. ದೊಡ್ಡ ಬಸವನ ಪಾದದ ಬಳಿ ಹುಟ್ಟಿದ ಹೊಳೆ ಎಂದು ಹಿರಿಯರು ನಂಬಿದ್ದರು. ಅದು ಕನಕಪುರದ ಕಡೆ ಅರ್ಕಾವತಿಗೆ ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ.

ಊರಿನ ಪೂರ್ವ ಭಾಗದ ನೀರಿನ ದಾರಿಯೇ ಬೇರೆ. ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಅದು ಕಾವೇರಿಯ ಮುಖ ನೋಡದೆ ನೇರವಾಗಿ ಬಂಗಾಳ ಕೊಲ್ಲಿಗೆ ಇಳಿಯುವ ನದಿ. ಅಂದರೆ ಬಸವನಗುಡಿಯಲ್ಲಿ ಬಟ್ಟೆ ಒಗೆದ ನೀರು ಮೇಕೆದಾಟಿಗೆ ಹೋಗುತ್ತದೆ, ಇಂದಿರಾನಗರದಲ್ಲಿ ಒಗೆದದ್ದು ಹೋಗುವುದಿಲ್ಲ. ನಾವು ಮೇಲಿನವರು, ಕೆಳಗಿನವರಿಗೆ ಏನು ಕಳಿಸುತ್ತಿದ್ದೇವೆ ಎಂದು ಕೆಂಗೇರಿ ಸೇತುವೆ ಮೇಲೆ ನಿಂತು ಒಮ್ಮೆ ನೋಡಬೇಕು.

## ಅಗಲ, ಆಳ, ಇಳಿಜಾರು

ಕಾವೇರಿ ಎಷ್ಟು ಅಗಲ? ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಹೇಳಿದರೆ ಅದು ಸುಳ್ಳಾಗುತ್ತದೆ. ಭಾಗಮಂಡಲದ ಬಳಿ ಬೇಸಿಗೆಯಲ್ಲಿ ಕಾಲಿಟ್ಟು ದಾಟುವಷ್ಟು ಚಿಕ್ಕ ಹೊಳೆ. ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥ, ಕಬಿನಿ ಒಂದೊಂದಾಗಿ ಸೇರಿದಂತೆ ಮೈ ತುಂಬಿಕೊಳ್ಳುತ್ತದೆ. ತಲಕಾಡಿನ ಬಳಿ ಮರಳಿನ ಮೇಲೆ ಹರಡಿಕೊಳ್ಳುತ್ತದೆ. ಮೇಕೆದಾಟಿನಲ್ಲಿ ಬಂಡೆಗಳ ನಡುವೆ ಹಿಂಡಿಕೊಂಡು ಹೋಗುತ್ತದೆ. ಮತ್ತೆ ತಿರುಚಿರಾಪಳ್ಳಿಯ ಮೇಲ್ಗಡೆ ‘ಅಖಂಡ ಕಾವೇರಿ’ ಎಂದು ಕರೆಯುವ ಕಡೆ ದಡದಿಂದ ದಡಕ್ಕೆ ಒಂದು ಕಿಲೋಮೀಟರ್‌ಗೂ ಮೀರುತ್ತದೆ.

ಇನ್ನೊಂದು ವಿಷಯ. ದಡದಿಂದ ದಡಕ್ಕೆ ಅಳೆಯುವ ಅಗಲ ಬೇರೆ, ನೀರಿನ ಅಗಲ ಬೇರೆ. ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಸೇತುವೆಯಿಂದ ನೋಡಿದರೆ ಬಂಡೆ, ಜೊಂಡು, ನಡುನಡುವೆ ನೀರಿನ ಎಳೆಗಳು. ಆಗಸ್ಟ್‌ನಲ್ಲಿ ಅದೇ ಜಾಗದಲ್ಲಿ ಒಂದು ಬಂಡೆಯೂ ಕಾಣದಿರಬಹುದು. ಸೇತುವೆ ಕಟ್ಟುವವರಿಗೆ ಬೇಕಾದದ್ದು ಆಗಸ್ಟ್‌ನ ಅಗಲ.

ಮೇಕೆದಾಟಲ್ಲಿ ನಿಜವಾಗ್ಲೂ ಮೇಕೆ ದಾಟಬಹುದಾ?

ತೀರ ಇಕ್ಕಟ್ಟಾದ ಜಾಗದಲ್ಲಿ ಕಮರಿ ಹತ್ತು ಮೀಟರಿನಷ್ಟೇ ಇದೆ. ಹುಲಿ ಅಟ್ಟಿಸಿಕೊಂಡು ಬಂದಾಗ ಮೇಕೆ ಈ ದಡದಿಂದ ಆ ದಡಕ್ಕೆ ಹಾರಿತು ಎಂಬುದು ಊರಿನವರ ಕಥೆ. ಮೇಕೆ ಹಾರಿತೋ ಇಲ್ಲವೋ, ನಾವಂತೂ ಹಾರಲು ಹೋಗಬಾರದು.

ಇಲ್ಲಿ ಯೋಚಿಸಬೇಕಾದ್ದು ಬೇರೆ. ಮೇಲೆ ನೂರಾರು ಮೀಟರ್ ಅಗಲವಾಗಿ ಬಂದ ಅಷ್ಟೂ ನೀರು ಇಲ್ಲಿ ಹತ್ತು ಮೀಟರಿನಲ್ಲಿ ಹೋಗಬೇಕು. ಅಗಲ ಕಡಿಮೆಯಾದರೆ ಆಳ ಹೆಚ್ಚಬೇಕು, ವೇಗವೂ ಹೆಚ್ಚಬೇಕು. ಎರಡೂ ಹೆಚ್ಚಿವೆ. ನೀರು ಹೊತ್ತು ತಂದ ಕಲ್ಲುಗಳು ಬಂಡೆಯ ಗುಳಿಗಳಲ್ಲಿ ಸಿಕ್ಕಿ ಸುತ್ತಿ ಸುತ್ತಿ, ಕೊರೆದು ಕೊರೆದು ಹಂಡೆಯಷ್ಟು ದೊಡ್ಡ ಗುಂಡಿಗಳನ್ನು ಮಾಡಿವೆ. ದಂಡೆಯ ಬಂಡೆ ಮೇಲಿಂದ ನೋಡಿದರೆ ಸಾಕು, ನದಿಯ ಬಲ ಅರ್ಥವಾಗುತ್ತದೆ.

ಬೆಂಗಳೂರಿನಿಂದ ಕನಕಪುರದ ಮೇಲೆ ಸುಮಾರು 100 ಕಿಲೋಮೀಟರ್ ದಾರಿ. ಗಾಡಿ ಸಂಗಮದವರೆಗೆ ಮಾತ್ರ ಹೋಗುತ್ತದೆ. ಅಲ್ಲಿ ನೀರು ದಾಟಿ ಇನ್ನು ನಾಲ್ಕೈದು ಕಿಲೋಮೀಟರ್ ಮುಂದೆ ಹೋಗಬೇಕು.

ಆಳ ಎಷ್ಟಿರುತ್ತೆ? ನನಗೆ ಈಜು ಬರುತ್ತೆ, ಇಳೀಬಹುದಾ?

ಸಂಗಮ, ಮೇಕೆದಾಟು, ಮುತ್ತತ್ತಿ ಈ ಮೂರು ಕಡೆ ಇಳಿಯಬೇಡಿ. ಈಜು ಬರುವವರಿಗೂ ಇದೇ ಉತ್ತರ. ಪ್ರತಿ ವರ್ಷ ಇಲ್ಲಿ ಬೆಂಗಳೂರಿನ ಹುಡುಗರು ಸಾಯುತ್ತಾರೆ. ಕಾಲೇಜು ಹುಡುಗರೇ ಜಾಸ್ತಿ.

ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಾ ಇರುತ್ತೀರಿ, ಮುಂದಿನ ಹೆಜ್ಜೆಗೆ ಮಡು. ತಳದಲ್ಲಿ ಮರಳಿಲ್ಲ, ಬಂಡೆ. ಬಂಡೆಯಲ್ಲಿ ಗುಂಡಿ, ಗುಂಡಿಯಲ್ಲಿ ಸುಳಿ. ಮೇಲಿನಿಂದ ನೋಡಿದರೆ ನೀರು ಸಮವಾಗಿಯೇ ಕಾಣುತ್ತದೆ. ಮೇಲೆ ಅಣೆಕಟ್ಟೆಯಲ್ಲಿ ನೀರು ಬಿಟ್ಟರೆ ಇಲ್ಲಿ ಬಿಸಿಲು ಕಾಯುತ್ತಿದ್ದರೂ ಮಟ್ಟ ಏರುತ್ತದೆ. ಪಾಚಿ ಹಿಡಿದ ಬಂಡೆ ಮೇಲೆ ಸೆಲ್ಫಿಗೆ ನಿಲ್ಲುವುದೂ ಇಳಿದಷ್ಟೇ ಅಪಾಯ. ದಡದ ಬೋರ್ಡನ್ನು ಯಾರೋ ಸುಮ್ನೆ ಹಾಕಿಲ್ಲ.

ತಲಕಾವೇರಿಯಿಂದ ಸಮುದ್ರಕ್ಕೆ ಎಷ್ಟು ಇಳಿಯುತ್ತೆ?

ಬ್ರಹ್ಮಗಿರಿಯಲ್ಲಿ ಸುಮಾರು 1,300 ಮೀಟರ್ ಎತ್ತರದಲ್ಲಿ ಹುಟ್ಟಿ ಸೊನ್ನೆಗೆ ಇಳಿಯುತ್ತದೆ. ಆದರೆ ಇಳಿತ ಒಂದೇ ಸಮ ಇಲ್ಲ. ತುಂಬಿದ ಕೆಆರ್‌ಎಸ್‌ನ ನೀರು ಸಮುದ್ರ ಮಟ್ಟದಿಂದ ಸುಮಾರು 752 ಮೀಟರ್ ಮೇಲಿದೆ. ತಮಿಳುನಾಡಿನ ಮೆಟ್ಟೂರು ಅಣೆಕಟ್ಟೆ ತುಂಬಿದಾಗ ಅದರದು ಸುಮಾರು 241 ಮೀಟರ್. ನಡುವೆ 500 ಮೀಟರಿಗೂ ಜಾಸ್ತಿ ಇಳಿತ! ಶಿವನಸಮುದ್ರ, ಮೇಕೆದಾಟು, ಹೊಗೇನಕಲ್ ಎಲ್ಲ ಇದೇ ಭಾಗದಲ್ಲಿವೆ.

ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿ ಎಂಬ ಎರಡು ಕವಲಾಗಿ ಸುಮಾರು 98 ಮೀಟರ್ ಧುಮುಕುತ್ತದೆ. ಆ ಇಳಿತವನ್ನೇ ನಂಬಿ 1902ರಲ್ಲಿ ಅಲ್ಲಿ ಕರೆಂಟು ತಯಾರಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿದ್ದೂ ಅದರಿಂದಲೇ. ನಲ್ಲಿಗೆ ಬರುವ ಎಷ್ಟೋ ಮೊದಲು ಕಾವೇರಿ ನಮ್ಮ ಊರಿಗೆ ತಂತಿಯಲ್ಲಿ ಬಂದಿದ್ದಳು.

ಕೆಆರ್‌ಎಸ್ 124.80 ಅಡಿ ಅಂತಾರಲ್ಲ, ಅದು ಎಲ್ಲಿಂದ ಅಳೆಯೋದು?

ಸಮುದ್ರ ಮಟ್ಟದಿಂದ ಅಲ್ಲ. ಅಣೆಕಟ್ಟೆಯ ಬುಡದಲ್ಲಿ ಗೊತ್ತು ಮಾಡಿದ ಸೊನ್ನೆ ಗುರುತಿನಿಂದ. 124.80 ಅಡಿ ಆದರೆ ಭರ್ತಿ, ಆಗ ಒಳಗೆ 49.45 ಟಿಎಂಸಿ ನೀರಿರುತ್ತದೆ.

ತುಂಬಾ ಜನ ತಪ್ಪು ತಿಳಿಯುವುದು ಇಲ್ಲಿ. ಮಟ್ಟ 100 ಅಡಿಗೆ ಇಳಿದರೆ ‘ಇನ್ನೂ ಐದರಲ್ಲಿ ನಾಲ್ಕು ಭಾಗ ಇದೆ’ ಅಂದುಕೊಳ್ಳುತ್ತಾರೆ. ಇಲ್ಲ, ಅರ್ಧಕ್ಕಿಂತ ಕಡಿಮೆ ಇದೆ. ಕಣಿವೆ ಕೆಳಗೆ ಇಕ್ಕಟ್ಟು, ಮೇಲೆ ಹೋದಂತೆ ಅಗಲ. ಮೇಲಿನ ಒಂದೊಂದು ಅಡಿಯಲ್ಲಿ ಇರುವಷ್ಟು ನೀರು ಕೆಳಗಿನ ಅಡಿಯಲ್ಲಿ ಇರುವುದಿಲ್ಲ. ಹಾಗಾಗಿ ಪತ್ರಿಕೆಯಲ್ಲಿ ಅಡಿಯ ಜೊತೆ ಟಿಎಂಸಿಯನ್ನೂ ಓದಿ.

ಕಟ್ಟೆಯ ಉದ್ದ 2,621 ಮೀಟರ್. ಕೆಲಸ ಶುರುವಾಗಿದ್ದು 1911ರಲ್ಲಿ, ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ. ಸಿಮೆಂಟ್ ಅಲ್ಲ, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಲ್ಲು ಕೂರಿಸಿ ಕಟ್ಟಿದ್ದು.

ಟಿಎಂಸಿ, ಕ್ಯುಸೆಕ್ ಎರಡೂ ಒಂದೇನಾ?

ಅಲ್ಲ. ಟಿಎಂಸಿ ಎಂದರೆ ಎಷ್ಟು ನೀರು ಇದೆ. ಕ್ಯುಸೆಕ್ ಎಂದರೆ ಎಷ್ಟು ಬೇಗ ಹೋಗುತ್ತಿದೆ. ಒಂದು ಟಿಎಂಸಿ ನೂರು ಕೋಟಿ ಘನ ಅಡಿ, ಲೀಟರಿನಲ್ಲಿ ಸುಮಾರು 2,830 ಕೋಟಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ‘ಒಂದು ಲಕ್ಷ ಕ್ಯುಸೆಕ್ ಹೊರಹರಿವು’ ಎಂದು ಸುದ್ದಿ ಬಂದರೆ ಸೆಕೆಂಡಿಗೆ 28 ಲಕ್ಷ ಲೀಟರ್ ಹೊರಟಿದೆ ಎಂದರ್ಥ.

## ದಾಟುವ ಬಗೆ

ಮೈಸೂರಿಗೆ ಹೋಗುವಾಗ ಶ್ರೀರಂಗಪಟ್ಟಣದಲ್ಲಿ ಕಾವೇರಿ ಎರಡು ಸಲ ಬರುತ್ತಲ್ಲ, ಯಾಕೆ?

ಶ್ರೀರಂಗಪಟ್ಟಣ ದ್ವೀಪ. ನದಿ ಎರಡಾಗಿ ಒಡೆದು ಊರನ್ನು ಸುತ್ತಿ ಮತ್ತೆ ಕೂಡುತ್ತದೆ. ಒಂದು ಕವಲು ದಾಟಿ ದ್ವೀಪಕ್ಕೆ ಬರುತ್ತೀರಿ, ಇನ್ನೊಂದು ದಾಟಿ ಮೈಸೂರಿನ ಕಡೆ ಇಳಿಯುತ್ತೀರಿ. ರೈಲಿಗೂ ಇದೇ ದಾರಿ.

ದೊಡ್ಡ ನದಿಯನ್ನು ದ್ವೀಪ ಇರುವ ಕಡೆ ದಾಟುವುದು ಹಳೆಯ ಕಾಲದ ಜಾಣತನ. ಒಂದು ಉದ್ದ ಸೇತುವೆಯ ಬದಲು ಎರಡು ಗಿಡ್ಡ ಸೇತುವೆ ಸಾಕು. ನಮ್ಮ ಕಡೆಯ ಇಂಥ ಜಾಗಗಳಲ್ಲಿ ಕೆಳಗೆ ಗಟ್ಟಿ ಬಂಡೆಯೂ ಇದೆ, ಕಂಬ ಊರಲು ಆಧಾರ ಸಿಗುತ್ತದೆ. ಕಾವೇರಿಯಲ್ಲಿ ಶ್ರೀರಂಗಪಟ್ಟಣ, ಶಿವನಸಮುದ್ರ, ಶ್ರೀರಂಗಂ ಮೂರೂ ದ್ವೀಪಗಳು. ಆದಿರಂಗ, ಮಧ್ಯರಂಗ, ಅಂತ್ಯರಂಗ ಎಂದು ಭಕ್ತರು ಎಣಿಸುವುದು ಇವನ್ನೇ. ಹಳೆಯ ದಾಟುದಾರಿಗಳೂ ಇವೇ ಆಗಿರುವುದು ಆಕಸ್ಮಿಕವಲ್ಲ.

ರೈಲಿನ ಜೋಡಿ ಹಳಿ ಹಾಕುವಾಗ ಇದೇ ಊರಿನಲ್ಲಿ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಬಂತು. ಅದನ್ನು ಒಡೆಯಲಿಲ್ಲ. 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ ಪಕ್ಕಕ್ಕೆ ಸರಿಸಿದರು. ಅಂಥ ಕೆಲಸ ನಮ್ಮಲ್ಲೂ ಆಗುತ್ತದೆ ಎನ್ನುವುದು ನನಗೆ ಹೆಮ್ಮೆ.

ಶ್ರೀರಂಗಪಟ್ಟಣದ ಕಲ್ಲಿನ ಸೇತುವೆ ಯಾರು ಕಟ್ಟಿಸಿದ್ದು? ಇನ್ನೂ ಹೇಗೆ ನಿಂತಿದೆ?

ದಿವಾನ್ ಪೂರ್ಣಯ್ಯನವರು, 1804ರಲ್ಲಿ. ಆಗಿನ ಗವರ್ನರ್ ಜನರಲ್ ಹೆಸರಿನಲ್ಲಿ ವೆಲ್ಲೆಸ್ಲಿ ಸೇತುವೆ ಎಂದು ಕರೆದರು. ಕಾವೇರಿಯ ಸೇತುವೆಗಳಲ್ಲಿ ನನಗೆ ತೀರ ಇಷ್ಟವಾದದ್ದು ಇದು.

ಇದರಲ್ಲಿ ಕಮಾನಿಲ್ಲ. ನದಿಯ ಬಂಡೆಯ ಮೇಲೆ ಸಾಲು ಸಾಲಾಗಿ ಕಲ್ಲಿನ ಕಂಬಗಳು. ಕಂಬದ ತಲೆಯ ಮೇಲೆ ಚಾಚುಗಲ್ಲು, ಅದರ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ನಮ್ಮ ದೇವಸ್ಥಾನದ ಮಂಟಪ ಕಟ್ಟುವ ಕ್ರಮವೇ ಇದು. ಮಂಟಪ ಕಟ್ಟಿ ಗೊತ್ತಿದ್ದವರು ಅದೇ ವಿದ್ಯೆಯನ್ನು ನೀರಿಗೆ ಇಳಿಸಿದ್ದಾರೆ. ಕಂಬಗಳು ತೆಳ್ಳಗಿವೆ, ನಡುವೆ ನೀರು ನುಗ್ಗಲು ಜಾಗವಿದೆ. ನೀರು ಚಪ್ಪಡಿಯ ಮೇಲೆ ಹರಿದರೂ ಕಲ್ಲಿನ ತೂಕ ಸೇತುವೆಯನ್ನು ಹಿಡಿದು ಕೂರಿಸುತ್ತದೆ. ಎರಡು ಶತಮಾನದಲ್ಲಿ ಎಷ್ಟೋ ಪ್ರವಾಹ ಕಂಡಿದೆ. ಹೆದ್ದಾರಿಯ ಭಾರವನ್ನು ಈಗ ಹೊಸ ಸೇತುವೆಗಳು ಹೊತ್ತಿವೆ. ಎಕ್ಸ್‌ಪ್ರೆಸ್‌ವೇಯಲ್ಲಿ ಹಾರಿಹೋಗುವಾಗ ಇದು ಕಣ್ಣಿಗೇ ಬೀಳುವುದಿಲ್ಲ. ಒಮ್ಮೆ ಊರೊಳಗೆ ಇಳಿದು ನೋಡಿ.

ಶಿವನಸಮುದ್ರದ ಹಳೇ ಸೇತುವೆ ಬಿದ್ದುಹೋಯ್ತಂತೆ, ಹೌದಾ?

ಒಂದು ಭಾಗ ಹೋಯಿತು, 2018ರ ಪ್ರವಾಹದಲ್ಲಿ. ಮನಸ್ಸಿಗೆ ನೋವಾಗುವ ಸಂಗತಿ. 1830ರ ಸುಮಾರಿಗೆ ರಾಮಸ್ವಾಮಿ ಮೊದಲಿಯಾರ್ ಎಂಬುವರು ದ್ವೀಪಕ್ಕೆ ಹೋಗಲು ಎರಡು ಕವಲಿಗೂ ಕಲ್ಲಿನ ಸೇತುವೆ ಕಟ್ಟಿಸಿದರು. ‘ಜನೋಪಕಾರ ಕಾಮಕರ್ತ’ ಎಂಬ ಬಿರುದು ಅವರಿಗೆ ಸಿಕ್ಕಿತು. ಕಟ್ಟುವ ಕ್ರಮ ಶ್ರೀರಂಗಪಟ್ಟಣದ್ದೇ: ಕಂಬ, ತೊಲೆ, ಚಪ್ಪಡಿ.

ಕೊಳ್ಳೇಗಾಲಕ್ಕೆ ಹೋಗುವ ಬಸ್ಸುಗಳು ಈಗ ಸತ್ತೇಗಾಲದ ಬಳಿ ಹೊಸ ಸೇತುವೆಯ ಮೇಲೆ ದಾಟುತ್ತವೆ. ಕನಕಪುರ, ಮಳವಳ್ಳಿ ಮೇಲೆ ಹೋಗುವ ಹೆದ್ದಾರಿ ಇದು. ಹಳೆಯದರ ಉಳಿದ ಭಾಗ ಪಕ್ಕದಲ್ಲೇ ಇದೆ. ಅದರ ಮೇಲೆ ನಡೆಯಲು ಹೋಗಬೇಡಿ.

ಶಿವನಸಮುದ್ರ ದಾಟಿದ ಮೇಲೆ ಸೇತುವೆಗಳೇ ಕಾಣಲ್ಲವಲ್ಲ?

ಸರಿಯಾಗಿ ಗಮನಿಸಿದ್ದೀರಿ. ಅಲ್ಲಿಂದ ಮೆಟ್ಟೂರಿನವರೆಗೆ ನದಿಗೆ ಹೆದ್ದಾರಿ ಸೇತುವೆ ಒಂದೂ ಇಲ್ಲ. ಎರಡೂ ಕಡೆ ಕಾವೇರಿ ವನ್ಯಧಾಮದ ಕಾಡು, ಕಡಿದಾದ ಕಣಿವೆ. ಊರುಗಳು ದೂರ. ದಾಟಬೇಕಾದವರು ಕಡಿಮೆ, ದಾಟುವ ಆನೆಗಳೇ ಜಾಸ್ತಿ. ಹಾಗೇ ಇರಲಿ ಎಂಬುದು ನನ್ನ ಆಸೆ.

ಹರಿಗೋಲು ಸೇಫಾ? ಅದು ಸುತ್ತುತ್ತಾ ಇರುತ್ತಲ್ಲ?

ಅಂಬಿಗರು ಚೆನ್ನಾಗಿದ್ದು, ನೀರು ಇಳಿದಿದ್ದು, ಜನ ಮಿತಿಯಲ್ಲಿದ್ದರೆ ತೊಂದರೆಯಿಲ್ಲ. ಮೂರರಲ್ಲಿ ಒಂದು ತಪ್ಪಿದರೂ ಹತ್ತಬೇಡಿ.

ಬಿದಿರಿನ ಸೀಳುಗಳನ್ನು ಹೆಣೆದು ಮಾಡಿದ ದುಂಡು ದೋಣಿ ಇದು. ಹಿಂದೆ ಹೊರಗೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಸುತ್ತಿ ಟಾರು ಬಳಿಯುತ್ತಾರೆ. ತಳ ಚಪ್ಪಟೆ, ಹಾಗಾಗಿ ಸ್ವಲ್ಪ ನೀರಿದ್ದರೂ ತೇಲುತ್ತದೆ. ಬಂಡೆ ತಾಗಿದರೆ ಮರದ ದೋಣಿಯ ಹಾಗೆ ಒಡೆಯುವುದಿಲ್ಲ, ಬಾಗುತ್ತದೆ. ಕಾವೇರಿಯ ಬಂಡೆಗಳಿಗೆ ಹೇಳಿ ಮಾಡಿಸಿದ್ದು. ಮೂತಿ ಇಲ್ಲದ್ದರಿಂದ ಸುತ್ತುತ್ತದೆ. ಅದನ್ನು ನೇರ ಹಿಡಿಯುವುದೇ ಅಂಬಿಗರ ಕಸುಬು: ಮುಂದೆ ಕೂತು ಹುಟ್ಟನ್ನು ತಮ್ಮ ಕಡೆಗೆ ಎಳೆಯುತ್ತಾ ಹೋಗುತ್ತಾರೆ. ಪ್ರವಾಸಿಗರ ಖುಷಿಗೆ ನಡುನೀರಲ್ಲಿ ಬೇಕೆಂದೇ ಗಿರಗಿರ ತಿರುಗಿಸುವುದುಂಟು. ಮಕ್ಕಳಿದ್ದರೆ ‘ಬೇಡಣ್ಣ’ ಎಂದು ಮೊದಲೇ ಹೇಳಿಬಿಡಿ. ಲೈಫ್ ಜಾಕೆಟ್ ಇಲ್ಲದೆ ಕೂರಲೇಬೇಡಿ.

ತೂಗುಸೇತುವೆ ಎಲ್ಲಿದೆ?

ಕುಶಾಲನಗರದ ಬಳಿ ಕಾವೇರಿ ನಿಸರ್ಗಧಾಮದಲ್ಲಿ. ನಡೆದು ದ್ವೀಪಕ್ಕೆ ಹೋಗಬಹುದು. ಅಲ್ಲೇ ಹತ್ತಿರ ಕೊಪ್ಪದಲ್ಲಿ ಹೆದ್ದಾರಿಯೂ ಕಾವೇರಿಯನ್ನು ದಾಟುತ್ತದೆ. ಈ ಕಡೆ ಮೈಸೂರು ಜಿಲ್ಲೆ, ಆ ಕಡೆ ಕೊಡಗು.

ಅಣೆಕಟ್ಟೆ ಮೇಲೆ ಗಾಡಿ ಬಿಡ್ತಾರಾ?

ಕೆಆರ್‌ಎಸ್ ಮೇಲೆ ಸಾರ್ವಜನಿಕರ ಗಾಡಿ ಬಿಡುವುದಿಲ್ಲ. ಭದ್ರತೆಯ ಕಾರಣಕ್ಕೆ.

ನೀರೇ ನದಿಯನ್ನು ದಾಟುವ ಜಾಗ ಇದೆ ಅಂತ ಕೇಳಿದ್ದೆ?

ಇದೆ, ಬಂಗಾರದೊಡ್ಡಿ ನಾಲೆ. ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದ್ದು, ಅಂದರೆ 17ನೇ ಶತಮಾನ. ಕಾವೇರಿಗೆ ಕಟ್ಟೆ ಹಾಕಿ ನಾಲೆಗೆ ನೀರು ತಿರುಗಿಸಿದರು. ಆ ನೀರು ಶ್ರೀರಂಗಪಟ್ಟಣದ ದ್ವೀಪಕ್ಕೆ ಹೋಗಬೇಕು, ಆದರೆ ನಡುವೆ ನದಿಯದೇ ಇನ್ನೊಂದು ಕವಲು ಅಡ್ಡ ಇದೆ. ಅದರ ಮೇಲೆ ಮೇಲ್ಗಾಲುವೆ ಕಟ್ಟಿ ನಾಲೆಯನ್ನು ದಾಟಿಸಿದರು. ಕೆಳಗೆ ಕಾವೇರಿ, ಮೇಲೆ ಕಾವೇರಿ! ರಂಗನತಿಟ್ಟಿಗೆ ಹಕ್ಕಿ ನೋಡಲು ಹೋದವರು ಇಷ್ಟು ಹತ್ತಿರ ಇರುವ ಇದನ್ನು ನೋಡದೆ ಬರುತ್ತಾರೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಬೆಂಗಳೂರಿಗೆ ಬರುವ ಪೈಪು ಎಲ್ಲಿ ಶುರುವಾಗುತ್ತೆ? ಎಷ್ಟು ನೀರು ಬರುತ್ತೆ?

ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ, ನಾವೆಲ್ಲ ಟಿ.ಕೆ. ಹಳ್ಳಿ ಎನ್ನುವ ಊರು. ಶಿವನಸಮುದ್ರದ ಬಳಿ ನದಿಯಿಂದ ತಿರುಗಿಸಿದ ನೀರು ನೆಟ್ಕಲ್ ಜಲಾಶಯದ ಮೂಲಕ ಇಲ್ಲಿಗೆ ಬರುತ್ತದೆ. ಇಲ್ಲಿ ಶುದ್ಧ ಮಾಡಿ ಮೇಲೆತ್ತುತ್ತಾರೆ. ಮುಂದೆ ಹಾರೋಹಳ್ಳಿಯಲ್ಲಿ ಮತ್ತೆ, ತಾತಗುಣಿಯಲ್ಲಿ ಮತ್ತೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ನದಿ ಎಷ್ಟೋ ಕೆಳಗಿದೆ. ಪೈಪಿನೊಳಗಿನ ಘರ್ಷಣೆಯನ್ನೂ ಸೇರಿಸಿದರೆ ಪಂಪುಗಳು ಹತ್ತಿರಹತ್ತಿರ 500 ಮೀಟರ್ ಎತ್ತಿದಷ್ಟು ಕೆಲಸ ಮಾಡುತ್ತವೆ. ದಾರಿ ಸುಮಾರು 100 ಕಿಲೋಮೀಟರ್.

ಮೊದಲ ಹಂತ 1974ರಲ್ಲಿ ಬಂತು. ಅದಕ್ಕೂ ಮೊದಲು ಊರು ಕುಡಿದದ್ದು ಹೆಸರಘಟ್ಟ, ತಿಪ್ಪಗೊಂಡನಹಳ್ಳಿಯ ನೀರು. ಎರಡೂ ಅರ್ಕಾವತಿಯವು, ಅಂದರೆ ಅದೂ ಕಾವೇರಿ ಕೊಳ್ಳವೇ. ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್. ಹಿಂದಿನ ಹಂತಗಳ ಸುಮಾರು 145 ಕೋಟಿ ಸೇರಿಸಿ, ಒಟ್ಟು 222 ಕೋಟಿ ಲೀಟರ್ ದಾಟುತ್ತದೆ. ಪೂರ್ತಿ ಓಡಿದರೆ ಇದು ಸುಮಾರು 900 ಕ್ಯುಸೆಕ್. ವರ್ಷಕ್ಕೆ 28 ಟಿಎಂಸಿಗೂ ಸ್ವಲ್ಪ ಜಾಸ್ತಿ. ತುಂಬಿದ ಕೆಆರ್‌ಎಸ್‌ನ ಅರ್ಧಕ್ಕಿಂತ ಹೆಚ್ಚನ್ನು ಒಂದು ಊರು ಒಂದು ವರ್ಷದಲ್ಲಿ ಕುಡಿಯುತ್ತದೆ, ತೊಳೆಯುತ್ತದೆ, ಚೆಲ್ಲುತ್ತದೆ. ಕಾರು ತೊಳೆಯಲು ಪೈಪು ಹಿಡಿಯುವವರಿಗೆ ಈ ಲೆಕ್ಕ ತೋರಿಸಬೇಕು.

ಪ್ರವಾಹ ಬಂದಾಗ ಸೇತುವೆ ಯಾಕೆ ಬೀಳುತ್ತೆ? ನೀರು ತಳ್ಳಿ ಬೀಳಿಸುತ್ತಾ?

ತಳ್ಳುವುದಕ್ಕಿಂತ ಜಾಸ್ತಿ, ಬುಡ ಕೊರೆದು ಬೀಳಿಸುತ್ತದೆ. ಸಮುದ್ರದ ದಡದಲ್ಲಿ ನಿಂತಾಗ ಅಲೆ ಹಿಂದೆ ಹೋಗುತ್ತಾ ಪಾದದ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುತ್ತದಲ್ಲ, ಕಂಬದ ಬುಡದಲ್ಲೂ ಅದೇ ಆಗುವುದು. ನೀರು ಕಂಬಕ್ಕೆ ಬಡಿದು ಕೆಳಗೆ ಸುತ್ತಿ, ಮಣ್ಣು ಮರಳನ್ನು ಅಗೆದು ಒಯ್ಯುತ್ತದೆ. ಮೇಲಿನಿಂದ ನೋಡುವವರಿಗೆ ಗೊತ್ತಾಗುವುದಿಲ್ಲ. ಪ್ರವಾಹ ಇಳಿಯುವಾಗ ಗುಂಡಿಗೆ ಮತ್ತೆ ಸಡಿಲ ಮರಳು ತುಂಬಿಕೊಳ್ಳುತ್ತದೆ, ಎಲ್ಲ ಸರಿ ಇರುವಂತೆ ಕಾಣುತ್ತದೆ.

ಅದಕ್ಕೇ ಬಂಡೆ ಸಿಗುವ ನಮ್ಮ ಕಡೆ ಕಂಬ ಊರುವುದು ಸ್ವಲ್ಪ ಸುಲಭ. ಬರೀ ಮರಳಿರುವ ತಮಿಳುನಾಡಿನ ಬಯಲಿನಲ್ಲಿ ಬಾವಿಯ ಹಾಗೆ ಆಳಕ್ಕೆ ಇಳಿಸಿದ ಅಡಿಪಾಯ ಬೇಕು. ತೇಲಿ ಬಂದ ಮರದ ದಿಮ್ಮಿ, ಕಸ ಕಂಬಗಳ ನಡುವೆ ಸಿಕ್ಕಿಕೊಂಡರೆ ಸೇತುವೆಯೇ ಅಣೆಕಟ್ಟೆಯಾಗಿಬಿಡುತ್ತದೆ. ಆಗ ಒತ್ತಡ ಇನ್ನೂ ಹೆಚ್ಚು. 2018ರ ಆಗಸ್ಟ್‌ನಲ್ಲಿ ತಿರುಚಿರಾಪಳ್ಳಿ ಬಳಿ ಮುಕ್ಕೊಂಬಿನಲ್ಲಿ, 1830ರ ದಶಕದಲ್ಲಿ ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ ಕಟ್ಟಿಸಿದ ‘ಮೇಲಣೆ’ ಎಂಬ ಕಟ್ಟೆಯ ಕೆಲವು ಗೇಟುಗಳೂ ಕೊಚ್ಚಿಹೋದವು. ಹಳೆಯ ಕಟ್ಟಡಕ್ಕೆ ಬಣ್ಣ ಬಳಿದರೆ ಸಾಲದು, ಪ್ರತಿ ಮಳೆಗಾಲ ಮುಗಿದ ಮೇಲೆ ನೀರಿನೊಳಗೆ ಇಳಿದು ಬುಡ ನೋಡಬೇಕು.

ನಾಲೆ ದಾಟುವುದಕ್ಕೂ ಇಷ್ಟು ಹೆದರಬೇಕಾ?

ಹೌದು, ಕೆಲವೊಮ್ಮೆ ನದಿಗಿಂತ ಜಾಸ್ತಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳೂ ಅದರಲ್ಲಿದ್ದರು. ನಾಲೆಯ ದಡ ಕಡಿದು, ಬಿದ್ದರೆ ಹತ್ತಲು ಹಿಡಿ ಸಿಗುವುದಿಲ್ಲ. ಏರಿಯ ಮೇಲಿನ ರಸ್ತೆ ಇಕ್ಕಟ್ಟು. ಎಷ್ಟೋ ಕಡೆ ಇಂದಿಗೂ ತಡೆಗೋಡೆ ಇಲ್ಲ. ಮಂಡ್ಯದ ಕಡೆ ರಾತ್ರಿ ಗಾಡಿ ಓಡಿಸುವವರು ನಾಲೆ ಏರಿಯ ಅಡ್ಡದಾರಿ ಹಿಡಿಯಬೇಡಿ, ಮೊಬೈಲ್ ನಕ್ಷೆ ಎಷ್ಟೇ ಹತ್ತಿರ ಎಂದು ತೋರಿಸಲಿ.

ಸಮುದ್ರ ಸೇರುವ ಕಡೆ ಕಾವೇರಿ ತುಂಬಾ ದೊಡ್ಡದಾಗಿರಬೇಕು ಅಲ್ವಾ?

ಉಲ್ಟಾ. ಪೂಂಪುಹಾರಿನಲ್ಲಿ ಅದು ಸಣ್ಣ ಕಾಲುವೆಯಷ್ಟೇ. ಮುಕ್ಕೊಂಬಿನಲ್ಲಿ ನದಿ ಎರಡಾಗುತ್ತದೆ. ಪ್ರವಾಹದ ನೀರನ್ನು ಕೊಳ್ಳಿಡಂ ಎಂಬ ಕವಲು ಒಯ್ಯುತ್ತದೆ. ಕಾವೇರಿ ಎಂಬ ಹೆಸರು ಉಳಿಸಿಕೊಂಡ ಕವಲು ಗದ್ದೆಗಳಿಗೆ ಹಂಚಿಕೊಳ್ಳುತ್ತಾ ಹೋಗುತ್ತದೆ. ಹಂಚುವ ಮುಖ್ಯ ಜಾಗ ಕಲ್ಲಣೆ, ಚೋಳರ ಕರಿಕಾಲ ಕಟ್ಟಿಸಿದ್ದೆಂದು ಹೆಸರಾದ 329 ಮೀಟರ್ ಉದ್ದದ ಕಟ್ಟೆ. ಅಲ್ಲಿಂದ ಮುಂದೆ ಒಂದೊಂದು ಊರಿಗೂ ಕೊಟ್ಟು ಕೊಟ್ಟು, ಕೊನೆಗೆ ಉಳಿದಷ್ಟು ಸಮುದ್ರಕ್ಕೆ.

ತಮಿಳುನಾಡಿಗೆ ಬಿಟ್ಟ ನೀರನ್ನು ಯಾವ ಸೇತುವೆ ಹತ್ತಿರ ಅಳೆಯುತ್ತಾರೆ? ಹೇಗೆ?

ಸೇತುವೆ ಹತ್ತಿರವಲ್ಲ, ಗಡಿಯ ಬಿಳಿಗುಂಡ್ಲುವಿನಲ್ಲಿ. ಅಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಇಲ್ಲಿಗೆ ತಲುಪಬೇಕು ಎಂದಿತು. ಅದೇ ತೀರ್ಪಿನಲ್ಲಿ ಕರ್ನಾಟಕದ ಪಾಲು 284.75 ಟಿಎಂಸಿಗೆ ಏರಿತು. ಏರಿದ್ದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ.

ಅಳೆಯುವ ಕ್ರಮ ಸರಳವಾಗಿದೆ, ಮಕ್ಕಳಿಗೂ ಹೇಳಿಕೊಡಬಹುದು. ನದಿಗೆ ಅಡ್ಡಲಾಗಿ ಒಂದು ಗೆರೆ ಎಳೆದುಕೊಂಡು ಅದನ್ನು ತುಂಡು ತುಂಡು ಮಾಡುತ್ತಾರೆ. ಪ್ರತಿ ತುಂಡಿನಲ್ಲಿ ಆಳ ಎಷ್ಟು, ನೀರಿನ ವೇಗ ಎಷ್ಟು ಎಂದು ನೋಡುತ್ತಾರೆ. ವೇಗ ಮೇಲೆ ಹೆಚ್ಚು, ತಳದಲ್ಲಿ ಕಡಿಮೆ. ಹಾಗಾಗಿ ಮೇಲಿನಿಂದ ಹತ್ತರಲ್ಲಿ ಆರು ಭಾಗದಷ್ಟು ಆಳದಲ್ಲಿ ಅಳೆದರೆ ಸರಾಸರಿ ಹತ್ತಿರಹತ್ತಿರ ಸಿಗುತ್ತದೆ. ತುಂಡಿನ ಅಗಲ, ಆಳ, ವೇಗ ಮೂರನ್ನೂ ಗುಣಿಸಿ, ಎಲ್ಲ ತುಂಡುಗಳನ್ನೂ ಕೂಡಿದರೆ ಆ ಹೊತ್ತಿನ ಹರಿವು. ಇದನ್ನು ಬೇರೆ ಬೇರೆ ಮಟ್ಟದಲ್ಲಿ ಮಾಡಿಟ್ಟುಕೊಂಡರೆ, ಆಮೇಲೆ ದಡದ ಅಳತೆಪಟ್ಟಿಯ ಮೇಲೆ ನೀರಿನ ಮಟ್ಟ ಓದಿದರೂ ಹರಿವು ಗೊತ್ತಾಗುತ್ತದೆ. ಆದರೆ ತಳದ ಮರಳು ಸರಿದರೆ ಹಳೆಯ ಲೆಕ್ಕ ಹೊಂದುವುದಿಲ್ಲ, ಮತ್ತೆ ಅಳೆಯಬೇಕು.

ಪತ್ರಿಕೆ ಓದುವಾಗ ಉಪಯೋಗಕ್ಕೆ ಬರುವ ಒಂದು ಅಂಕಿ ನೆನಪಿಡಿ: 11,574 ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. 2023ರ ಬರದಲ್ಲಿ 15 ದಿನ 5,000 ಕ್ಯುಸೆಕ್ ಬಿಡಬೇಕು ಎಂಬ ಆದೇಶ ಬಂದಿತ್ತಲ್ಲ, 5,000ವನ್ನು 15ರಿಂದ ಗುಣಿಸಿ 11,574ರಿಂದ ಭಾಗಿಸಿ. ಸುಮಾರು 6.5 ಟಿಎಂಸಿ.